ರಸ್ಟ್‌ನಲ್ಲಿ ಬರೆದ ಆಟ ಬ್ರೌಸರ್‌ನಲ್ಲಿ ಹಟ ಹಿಡಿದಿದೆ: ಅಡಿಕೆ ಕೊನೆ ಗೋಣಿ ದಾಟಿ ಬೀಳ್ತದೆ, ‘ಬೆಟ್ಟೆ’ ಒಡೆದು ಕಾಣ್ತದೆ

ತುಂಗೆದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ರಸ್ಟ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹಳೇ ಆರ್ಕೇಡ್ ಮಾದರಿಯ ಸಣ್ಣ ಆಟ ಬರೀತಾ ಇದ್ದೇನೆ. ಪರದೆಯಲ್ಲಿ ಐದು ಅಡಿಕೆ ಮರ. ಮೇಲಿಂದ ಕೊನೆ (ಅಡಿಕೆ ಗೊಂಚಲು) ಬೀಳ್ತದೆ, ಕೆಳಗೆ ಗೋಣಿ ಹಿಡಿದವ ಎಡಕ್ಕೂ ಬಲಕ್ಕೂ ಓಡಿ ಹಿಡೀಬೇಕು. ಮೂರು ಕೊನೆ ನೆಲ ಮುಟ್ಟಿದರೆ ಆಟ ಮುಗೀತು. ನಡುನಡುವೆ ಅಡಿಕೆ ಹಾಳೆ ತೂಗಾಡಿಕೊಂಡು ಬರ್ತದೆ, ಅದು ಗೋಣಿಗೆ ಬಿದ್ದರೆ ಅರ್ಧ ಸೆಕೆಂಡ್ ಬಾಯಿ ಮುಚ್ಚಿಕೊಳ್ತದೆ. ಹಂತಗಳಿಗೆ ಅಡಿಕೆ ಬಗೆಗಳ ಹೆಸರು: ಗೊರಬಲು, ರಾಶಿ, ಬೆಟ್ಟೆ, ಸರಕು.

ಮ್ಯಾಕ್ರೋಕ್ವಾಡ್ ಅನ್ನೋ ಆಟದ ಲೈಬ್ರರಿಯ 0.4, ವಿಂಡೋಸ್ 10, ಆಟದ ಒಳಗಿನ ಅಳತೆ 320×180 ಪಿಕ್ಸೆಲ್. ಲ್ಯಾಪ್‌ಟಾಪಿನಲ್ಲಿ ‘ಕಾರ್ಗೋ ರನ್’ ಕೊಟ್ಟರೆ ಎಲ್ಲ ಸರಿ. ಬ್ರೌಸರ್‌ಗೆ ಹಾಕಿದ ಕೂಡಲೇ ರಗಳೆ.

ಇಂಡೆಕ್ಸ್ ಪುಟವನ್ನು ಫೋಲ್ಡರ್‌ನಿಂದ ನೇರ ತೆರೆದರೆ ಬರೀ ಕಪ್ಪು ಪರದೆ. ಯಾವ ಮರದಿಂದ ಕೊನೆ ಬೀಳಬೇಕು ಅಂತ ಚೀಟಿ ಎತ್ತಲು ರ‍್ಯಾಂಡ್ ಕ್ರೇಟ್ (ರಸ್ಟ್ ಲೈಬ್ರರಿ) ಸೇರಿಸಿದೆ. ಗೆಟ್‌ರ‍್ಯಾಂಡಮ್ (ಅದರ ಒಳಗಿನ ಕ್ರೇಟ್) ಬ್ರೌಸರ್ ಟಾರ್ಗೆಟ್‌ಗೆ ಆಗೋದಿಲ್ಲ, ‘ಜೆಎಸ್’ ಫೀಚರ್ ಹಾಕು ಅಂತ ಕಂಪೈಲರ್ ಹೇಳ್ತು. ಹಾಕಿದೆ, ಕಂಪೈಲ್ ಆಯ್ತು, ಆದರೆ ಈಗ ಕನ್ಸೋಲ್‌ನಲ್ಲಿ ‘ಡಬ್ಲ್ಯೂಬೈಂಡ್‌ಜೆನ್ ಪ್ಲೇಸ್‌ಹೋಲ್ಡರ್’ ಅಂತ ಕೆಂಪು ಸಾಲು, ಆಟ ಏಳೋದೇ ಇಲ್ಲ.

ಮೊದಲು ಪ್ರತಿ ಫ್ರೇಮ್‌ಗೆ 2 ಪಿಕ್ಸೆಲ್ ಇಳಿಸ್ತಿದ್ದೆ. 144 ಹರ್ಟ್ಸ್ ಮಾನಿಟರ್‌ನಲ್ಲಿ ಆಟ ಕುದುರೆ ಓಡಿದ ಹಾಗೆ ಓಡ್ತು. ಅದಕ್ಕೆ ವೇಗವನ್ನು ಫ್ರೇಮ್ ಸಮಯದಿಂದ ಗುಣಿಸಿದೆ. ಈಗ ವೇಗ ಸರಿ, ಆದರೆ ಹಳೇ ಕಂಪ್ಯೂಟರ್‌ನಲ್ಲಿ ‘ಸರಕು’ ಹಂತಕ್ಕೆ ಬಂದಾಗ, ಅಂದರೆ ಸೆಕೆಂಡಿಗೆ 400 ಪಿಕ್ಸೆಲ್ ವೇಗದಲ್ಲಿ, ಕೊನೆ ಗೋಣಿಯೊಳಗಿಂದಲೇ ತೂರಿ ನೆಲಕ್ಕೆ ಹೋಗ್ತದೆ. ಕೊನೆಯ ಎತ್ತರ 14 ಪಿಕ್ಸೆಲ್, ಗೋಣಿ ಬಾಯಿ 4.

ಕನ್ನಡ ಅಕ್ಷರದ ಕಥೆ ಬೇರೆಯೇ. ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿದರೂ ‘ಬೆಟ್ಟೆ’ ಚೂರುಚೂರಾಗಿ ಬರ್ತದೆ.

ತೀರ್ಥಹಳ್ಳಿ ಕಡೆಯ ಒಂದು ಶಾಲೆಯ ಲ್ಯಾಬ್‌ನಲ್ಲಿ ಓಡಿಸೋ ಆಸೆ. ಅಲ್ಲಿ ಎಲ್ಲ ವಿಂಡೋಸ್ 7, ನೆಟ್ ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ. ಎಂತ ಮಾಡೋದು?

---

ಜೀರುಂಡೆ

ಮೊದಲೇ ಹೇಳಿಬಿಡ್ತೇನೆ: ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೀತೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೀರಿ.

ನಿಮ್ಮ ಆಟದಲ್ಲಿ ದೋಷ ಕಮ್ಮಿ, ಇರೋದು ರಸ್ಟ್‌ಗೂ ಬ್ರೌಸರ್‌ಗೂ ನಡುವಿನ ಬೇಲಿಯಲ್ಲಿ. ವಾಸ್ಮ್ (ವೆಬ್‌ಅಸೆಂಬ್ಲಿ, ಬ್ರೌಸರ್ ಓಡಿಸುವ ಕೋಡ್) ಫೈಲಿಗೆ ಗಡಿಯಾರ, ಫೈಲ್, ಧ್ವನಿ, ಪರದೆ ಯಾವುದೂ ಸ್ವಂತಕ್ಕೆ ಇಲ್ಲ. ಎಲ್ಲವೂ ಇಂಪೋರ್ಟ್ ಅನ್ನೋ ಉಣಗೋಲು ದಾಟಿಯೇ ಒಳಗೆ ಬರಬೇಕು. ಆ ಉಣಗೋಲು ಕಾಯೋದು ಒಂದು ಜಾವಾಸ್ಕ್ರಿಪ್ಟ್ ಫೈಲ್. ಮ್ಯಾಕ್ರೋಕ್ವಾಡ್‌ಗೆ ಅದು ‘ಎಂಕ್ಯು ಜೆಎಸ್ ಬಂಡಲ್’. ವಾಸ್ಮ್-ಬೈಂಡ್‌ಜೆನ್ (ರಸ್ಟ್‌ಗೂ ಜಾವಾಸ್ಕ್ರಿಪ್ಟ್‌ಗೂ ಸೇತುವೆ ಕಟ್ಟುವ ಬೇರೆ ಸಾಧನ) ಬಳಸುವ ಕ್ರೇಟ್‌ಗಳಿಗೆ ಆ ಸಾಧನವೇ ಹುಟ್ಟಿಸುವ ಬೇರೆ ಫೈಲ್. ನಿಮ್ಮ ಕೆಂಪು ಸಾಲಿನ ಅರ್ಥ ಇಷ್ಟೇ: ಗೆಟ್‌ರ‍್ಯಾಂಡಮ್‌ನ ‘ಜೆಎಸ್’ ಫೀಚರ್ ಹಿಂದಿನಿಂದ ವಾಸ್ಮ್-ಬೈಂಡ್‌ಜೆನ್ ಎಳೆದು ತಂದಿದೆ, ಅದು ಕೇಳುವ ಇಂಪೋರ್ಟ್ ಮ್ಯಾಕ್ರೋಕ್ವಾಡ್‌ನ ಬಂಡಲ್‌ನಲ್ಲಿ ಇಲ್ಲ. ಎರಡನ್ನೂ ಬೆರೆಸಬೇಡಿ. ಬೆರೆಸುವ ಕಸರತ್ತುಗಳಿವೆ, ಈ ಅಳತೆಯ ಆಟಕ್ಕೆ ಅದು ಇಲಿ ಹಿಡಿಯಲು ಗುಡ್ಡ ಅಗೆದ ಹಾಗೆ.

ರ‍್ಯಾಂಡ್ ತೆಗೆದುಹಾಕಿ. ಮ್ಯಾಕ್ರೋಕ್ವಾಡ್‌ನೊಳಗೇ ‘ರ‍್ಯಾಂಡ್’ ಮಾಡ್ಯೂಲ್ ಇದೆ, ‘ಜೆನ್_ರೇಂಜ್(0, 5)’ ಅಂದರೆ ಮರದ ಸಂಖ್ಯೆ ಸಿಕ್ಕಿತು. ಒಂದೇ ಎಚ್ಚರ: ಬೀಜ (ಸೀಡ್, ಅಂದರೆ ಚೀಟಿ ಎತ್ತಲು ಶುರುವಿನ ಸಂಖ್ಯೆ) ಕೊಡದಿದ್ದರೆ ಪ್ರತಿ ಸಲವೂ ಅದೇ ಕ್ರಮದಲ್ಲಿ ಕೊನೆ ಬೀಳ್ತದೆ, ಮಕ್ಕಳು ಎರಡು ದಿನದಲ್ಲಿ ಬಾಯಿಪಾಠ ಮಾಡ್ತಾರೆ. ಮೇನ್‌ನ ಮೊದಲಲ್ಲೇ ‘ಎಸ್‌ರ‍್ಯಾಂಡ್’ಗೆ ಮಿನಿಕ್ವಾಡ್‌ನ (ಮ್ಯಾಕ್ರೋಕ್ವಾಡ್‌ನ ತಳದಲ್ಲಿರುವ ಕ್ರೇಟ್) ‘ಡೇಟ್::ನೌ’ ಬೆಲೆಯನ್ನು ಯು64 ಮಾಡಿ ಕೊಡಿ.

ಇದೇ ಜಾತಿಯ ಇನ್ನೆರಡು ಗುಂಡಿಗಳಿವೆ, ಬೀಳುವ ಮೊದಲೇ ತಿಳಿದಿರಲಿ. ಸ್ಟ್ಯಾಂಡರ್ಡ್ ಲೈಬ್ರರಿಯ ‘ಇನ್‌ಸ್ಟಂಟ್::ನೌ’ ಈ ಟಾರ್ಗೆಟ್‌ನಲ್ಲಿ ಸಲೀಸಾಗಿ ಕಂಪೈಲ್ ಆಗ್ತದೆ, ಓಡುವಾಗ ಪ್ಯಾನಿಕ್ ಆಗ್ತದೆ. ಬದಲಿಗೆ ಮ್ಯಾಕ್ರೋಕ್ವಾಡ್‌ನ ‘ಗೆಟ್_ಟೈಮ್’ ಬಳಸಿ. ಹಾಗೇ ಸ್ಟ್ಯಾಂಡರ್ಡ್ ಲೈಬ್ರರಿಯಿಂದ ಫೈಲ್ ತೆರೆಯುವುದೂ ಆಗೋದಿಲ್ಲ. ಚಿತ್ರ ಬೇಕಾದರೆ ‘ಲೋಡ್_ಟೆಕ್ಸ್ಚರ್(...).ಅವೇಟ್’, ಇಲ್ಲವೇ ‘ಇನ್‌ಕ್ಲೂಡ್_ಬೈಟ್ಸ್’ ಮ್ಯಾಕ್ರೋದಿಂದ ವಾಸ್ಮ್‌ನ ಹೊಟ್ಟೆಯೊಳಗೇ ಸೇರಿಸಿಬಿಡಿ. ನಿಮ್ಮದು ನಾಲ್ಕೈದು ಚಿಕ್ಕ ಚಿತ್ರ, ಎರಡನೆಯದೇ ವಾಸಿ.

ಕಪ್ಪು ಪರದೆಗೆ ಕಾರಣ, ಬ್ರೌಸರ್ ಡಿಸ್ಕಿನಿಂದ ನೇರ ತೆರೆದ ಪುಟಕ್ಕೆ ಪಕ್ಕದ ವಾಸ್ಮ್ ಫೈಲನ್ನು ಫೆಚ್ ಮಾಡಲು ಬಿಡೋದಿಲ್ಲ. ಸರ್ವರ್ ಬೇಕೇ ಬೇಕು. ಮಾಡುವ ಕ್ರಮ:

ರಸ್ಟಪ್ ಟಾರ್ಗೆಟ್ ಆ್ಯಡ್ ವಾಸ್ಮ್32-ಅನ್‌ನೋನ್-ಅನ್‌ನೋನ್
ಕಾರ್ಗೋ ಬಿಲ್ಡ್ --ರಿಲೀಸ್ --ಟಾರ್ಗೆಟ್ ವಾಸ್ಮ್32-ಅನ್‌ನೋನ್-ಅನ್‌ನೋನ್

‘ಟಾರ್ಗೆಟ್’ ಫೋಲ್ಡರ್‌ನ ಒಳಗೆ ಅದೇ ಉದ್ದ ಹೆಸರಿನ ಫೋಲ್ಡರ್, ಅದರೊಳಗೆ ‘ರಿಲೀಸ್’, ಅಲ್ಲಿ ವಾಸ್ಮ್ ಫೈಲ್ ಇರ್ತದೆ. ಅದನ್ನು, ಇಂಡೆಕ್ಸ್ ಪುಟವನ್ನು, ಬಂಡಲ್ ಫೈಲನ್ನು ಒಂದೇ ಫೋಲ್ಡರ್‌ಗೆ ನಕಲು ಮಾಡಿ, ಅಲ್ಲಿಂದ ‘ಪೈಥಾನ್ -ಎಂ ಎಚ್‌ಟಿಟಿಪಿ.ಸರ್ವರ್ 8000’. ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್:8000. ಪುಟದಲ್ಲಿ ಕ್ಯಾನ್ವಾಸ್‌ನ ಐಡಿ ‘ಜಿಎಲ್‌ಕ್ಯಾನ್ವಾಸ್’ ಅಂತಲೇ ಇರಬೇಕು, ಬೇರೆ ಹೆಸರು ಕೊಟ್ಟರೆ ನಡೆಯೋದಿಲ್ಲ. ‘ಟ್ಯಾಬ್‌ಇಂಡೆಕ್ಸ್’ 1 ಕೊಡಿ, ಇಲ್ಲದಿದ್ದರೆ ಕ್ಯಾನ್ವಾಸ್‌ಗೆ ಕೀಲಿಮಣೆಯ ಗಮನ ಸಿಗೋದಿಲ್ಲ.

ಕೋಡ್ ತಿದ್ದಿದ ಮೇಲೆ ಏನೂ ಬದಲಾಗಿಲ್ಲ ಅಂತ ತಲೆ ಕೆರೆದುಕೊಳ್ಳುವ ಮೊದಲು ಎರಡು ವಿಷಯ ನೋಡಿ: ಹೊಸ ವಾಸ್ಮ್ ನಕಲು ಮಾಡಿದಿರಾ, ಮತ್ತು ಬ್ರೌಸರ್ ಹಳೆಯದನ್ನೇ ಕ್ಯಾಶ್‌ನಿಂದ ಕೊಡ್ತಿದೆಯಾ. ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಪುಟದಲ್ಲಿ ಕ್ಯಾಶ್ ನಿಲ್ಲಿಸುವ ಗುರುತು ಹಾಕಿ ಅದನ್ನು ತೆರೆದೇ ಇಟ್ಟುಕೊಳ್ಳಿ.

---

ಹಿನ್ನೀರು

ಕೊನೆ ತೂರಿ ಹೋಗೋದರ ಲೆಕ್ಕ ನೋಡಿ. ಕೊನೆ 14, ಗೋಣಿ ಬಾಯಿ 4, ಒಟ್ಟು 18 ಪಿಕ್ಸೆಲ್. ಒಂದು ಹೆಜ್ಜೆಯಲ್ಲಿ ಕೊನೆ 18ಕ್ಕಿಂತ ಹೆಚ್ಚು ಇಳಿದರೆ, ಹಿಂದಿನ ಫ್ರೇಮ್‌ನಲ್ಲಿ ಗೋಣಿಯ ಮೇಲೆ, ಈ ಫ್ರೇಮ್‌ನಲ್ಲಿ ಗೋಣಿಯ ಕೆಳಗೆ. ನಡುವೆ ಎರಡೂ ಒಂದನ್ನೊಂದು ಮುಟ್ಟಿದ ಕ್ಷಣವೇ ಇಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ 60 ಫ್ರೇಮ್, 400 ಭಾಗಿಸು 60, ಸುಮಾರು 6.7 ಪಿಕ್ಸೆಲ್. ಹಾಗಾಗಿ ಕಾಣಿಸಲಿಲ್ಲ. ಹಳೇ ಯಂತ್ರ 20 ಫ್ರೇಮ್ ಕೊಟ್ಟರೆ ಒಂದು ಹೆಜ್ಜೆ 20 ಪಿಕ್ಸೆಲ್. ತೂರಿತು.

ಇದಕ್ಕೆ ಮದ್ದು ಗಟ್ಟಿ ಹೆಜ್ಜೆ. ಪರದೆ ಎಷ್ಟು ಸಲ ಬೇಕಾದರೂ ಚಿತ್ರ ಬಿಡಿಸಲಿ, ಆಟದ ಲೆಕ್ಕ ಮಾತ್ರ ಸೆಕೆಂಡಿಗೆ 60 ಸಲವೇ ನಡೀಬೇಕು.

ಉಳಿಕೆ += ಗೆಟ್_ಫ್ರೇಮ್_ಟೈಮ್().ಮಿನ್(0.1);
ವೈಲ್ ಉಳಿಕೆ >= ಹೆಜ್ಜೆ {
  ನಡೆಸು(ಹೆಜ್ಜೆ);
  ಉಳಿಕೆ -= ಹೆಜ್ಜೆ;
}

‘ಹೆಜ್ಜೆ’ ಅಂದರೆ 1.0 ಭಾಗಿಸು 60.0. ಈಗ ಸೆಕೆಂಡಿಗೆ 1080 ಪಿಕ್ಸೆಲ್ ದಾಟುವವರೆಗೆ ಏನೂ ತೂರೋದಿಲ್ಲ, ಯಂತ್ರ ಯಾವುದೇ ಇರಲಿ.

ಆ 0.1ರ ಮಿತಿ ಅಲಂಕಾರಕ್ಕಲ್ಲ. ಆಡುವವ ಬೇರೆ ಟ್ಯಾಬ್‌ಗೆ ಹೋದರೆ ಬ್ರೌಸರ್ ಫ್ರೇಮ್ ಕೊಡೋದನ್ನೇ ನಿಲ್ಲಿಸ್ತದೆ. 10 ಸೆಕೆಂಡ್ ಬಿಟ್ಟು ವಾಪಸ್ ಬಂದರೆ ಫ್ರೇಮ್ ಸಮಯ 10 ಅಂತ ಬರ್ತದೆ, ಮಿತಿ ಇಲ್ಲದಿದ್ದರೆ 600 ಹೆಜ್ಜೆ ಒಂದೇ ಉಸಿರಿಗೆ ಓಡಿ ಮೂರೂ ಕೊನೆ ನೆಲಕ್ಕೆ. ಕಣ್ಣು ಮಿಟುಕಿಸುವುದರೊಳಗೆ ಆಟ ಮುಗಿದಿರ್ತದೆ.

ಗಟ್ಟಿ ಹೆಜ್ಜೆ ಹಾಕಿದವರು ಬಹುಪಾಲು ಎಡವುವ ಜಾಗ ಇನ್ನೊಂದು. ‘ಈಸ್_ಕೀ_ಪ್ರೆಸ್ಡ್’ ಅನ್ನು ವೈಲ್‌ನ ಒಳಗೆ ಕೇಳಬೇಡಿ. 144 ಹರ್ಟ್ಸ್‌ನಲ್ಲಿ ಎಷ್ಟೋ ಫ್ರೇಮ್‌ಗಳಲ್ಲಿ ವೈಲ್ ಒಂದು ಸಲವೂ ಓಡೋದಿಲ್ಲ, ಒತ್ತಿದ ಕೀಲಿ ಕಳೆದೇ ಹೋಗ್ತದೆ. ನಿಧಾನ ಯಂತ್ರದಲ್ಲಿ ಮೂರು ಸಲ ಓಡ್ತದೆ, ಒಂದು ಒತ್ತು ಮೂರಾಗ್ತದೆ. ವೈಲ್‌ನ ಹೊರಗೆ, ಫ್ರೇಮ್‌ಗೆ ಒಮ್ಮೆ ಕೇಳಿ ಒಂದು ಬೂಲ್‌ನಲ್ಲಿ ಇಟ್ಟುಕೊಳ್ಳಿ, ಮೊದಲ ಹೆಜ್ಜೆ ಮುಗಿದ ಮೇಲೆ ಅಳಿಸಿ. ಒತ್ತಿ ಹಿಡಿಯುವ ಎಡ ಬಲ ಬಾಣಗಳಿಗೆ ‘ಈಸ್_ಕೀ_ಡೌನ್’ ಸಾಕು, ಅದಕ್ಕೆ ಈ ತೊಂದರೆ ಇಲ್ಲ.

ಮುಟ್ಟಿತೋ ಇಲ್ಲವೋ ನೋಡಲು ಎರಡು ಆಯತಗಳ ‘ಓವರ್‌ಲ್ಯಾಪ್ಸ್’ ಬಳಸಿದ್ದೀರಿ ಅನ್ನಿಸ್ತದೆ. ಕೆಲಸ ಆಗ್ತದೆ, ಆದರೆ ಗೋಣಿಯ ಪಕ್ಕೆಗೆ ತಾಗಿದ ಕೊನೆಯೂ ಒಳಗೆ ಬಿತ್ತು ಅಂತ ಲೆಕ್ಕ ಆಗ್ತದೆ, ನೋಡಲು ಸುಳ್ಳು ಅನ್ನಿಸ್ತದೆ. ಹಿಂದಿನ ಹೆಜ್ಜೆಯಲ್ಲಿ ಕೊನೆಯ ತಳ ಗೋಣಿ ಬಾಯಿಗಿಂತ ಮೇಲಿತ್ತೇ, ಈಗ ಬಾಯಿಗೆ ಸಮ ಅಥವಾ ಕೆಳಗಿದೆಯೇ, ಮತ್ತು ಕೊನೆಯ ನಡುಬಿಂದು ಬಾಯಿಯ ಎಡ ಬಲ ಅಂಚುಗಳ ನಡುವೆ ಇದೆಯೇ. ಈ ಮೂರೂ ಹೌದಾದರೆ ಮಾತ್ರ ಹಿಡಿದ ಹಾಗೆ. ಇದಕ್ಕೆ ಹಿಂದಿನ ವೈ ಬೆಲೆ ಸ್ಟ್ರಕ್ಟ್‌ನಲ್ಲಿ ಉಳಿಸಬೇಕು, ಅಷ್ಟೇ ಖರ್ಚು. ವೇಗ ಎಷ್ಟೇ ಏರಿದರೂ ತೂರುವ ಪ್ರಶ್ನೆಯೂ ಉಳಿಯೋದಿಲ್ಲ.

ಹಾಳೆಗೆ ಬೇರೆ ನಡೆ ಕೊಡಿ: ಇಳಿಯುವ ವೇಗ ಸೆಕೆಂಡಿಗೆ 40, ಎಕ್ಸ್ ಬೆಲೆಗೆ ಹುಟ್ಟಿದ ಜಾಗದ ಜೊತೆ ಸೈನ್(ಸಮಯ × 3) × 10 ಕೂಡಿಸಿ. ನಿಜವಾದ ಹಾಳೆಯ ಹಾಗೇ ಬರ್ತದೆ.

ಬಿದ್ದು ಮುಗಿದವನ್ನು ಪಟ್ಟಿಯಿಂದ ತೆಗೆಯಲು ಫಾರ್ ಲೂಪ್‌ನೊಳಗೆ ‘ರಿಮೂವ್’ ಮಾಡಲು ಹೋದರೆ ಬಾರೋ ಚೆಕರ್ (ಓದುತ್ತಿರುವ ಪಟ್ಟಿಯನ್ನೇ ತಿದ್ದದಂತೆ ಕಾಯುವ ರಸ್ಟ್‌ನ ಕಾವಲು) ಬೈಯ್ತದೆ, ಬೈಯೋದೂ ಸರಿಯೇ. ಪ್ರತಿ ಕೊನೆಗೂ ‘ಮುಗೀತು’ ಅನ್ನೋ ಬೂಲ್ ಇಟ್ಟು, ಲೂಪ್ ಆದ ಮೇಲೆ ‘ರಿಟೇನ್’ ಒಂದು ಸಾಲು.

ಅಂದ ಹಾಗೆ ಮೇಲಿನ ತುಣುಕಿನ ‘ಉಳಿಕೆ’, ‘ಹೆಜ್ಜೆ’, ‘ನಡೆಸು’ ತಮಾಷೆಗೆ ಬರೆದಿದ್ದಲ್ಲ. 2021ರ ರಸ್ಟ್ 1.53ರಿಂದ ಚರಾಕ್ಷರ, ಫಂಕ್ಷನ್ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಆದರೆ ‘ಅಪ್‌ಡೇಟ್’ ತರದ ಹೆಸರು ಇಟ್ಟೀರಿ ಜೋಕೆ. ಅದರಲ್ಲಿ ಪ್ ಮತ್ತು ಡೇ ಬೇರೆ ನಿಲ್ಲಲು ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರ ಇರ್ತದೆ, ರಸ್ಟ್ ಅದನ್ನು ಹೆಸರಿನಲ್ಲಿ ಒಪ್ಪೋದಿಲ್ಲ. ದೋಷ ಎಲ್ಲಿದೆ ಅಂತ ಕಣ್ಣಿಗೆ ಬೀಳೋದೂ ಇಲ್ಲ.

---

ತುಂಗೆದಂಡೆ

ರ‍್ಯಾಂಡ್ ತೆಗೆದೆ, ಸರ್ವರ್ ಹಾಕಿದೆ, ಎದ್ದಿತು. ತೂರೋದೂ ನಿಂತಿತು, ಇಬ್ಬರಿಗೂ ಧನ್ಯವಾದ ಮಾರಾಯ್ರೆ.

320×180 ಚಿತ್ರವನ್ನು ಪೂರ್ತಿ ಪರದೆಗೆ ಹಿಗ್ಗಿಸಲು ರೆಂಡರ್ ಟಾರ್ಗೆಟ್ (ಮೊದಲು ಪರದೆಯ ಹೊರಗೆ ಬಿಡಿಸಿಕೊಳ್ಳುವ ಚಿತ್ರ) ಬಳಸಿದೆ. ಈಗ ಮರ ತಲೆಕೆಳಗಾಗಿ ನಿಂತಿದೆ, ಮಂಜು ಮುಸುಕಿದ ಹಾಗೆ ಮಸುಕು ಬೇರೆ.

---

ಜೀರುಂಡೆ

ತಲೆಕೆಳಗಾಗೋದು ಮಾಮೂಲು. ರೆಂಡರ್ ಟಾರ್ಗೆಟ್‌ನ ಚಿತ್ರವನ್ನು ‘ಡ್ರಾ_ಟೆಕ್ಸ್ಚರ್_ಇಎಕ್ಸ್’ನಲ್ಲಿ ಬಿಡಿಸುವಾಗ ‘ಫ್ಲಿಪ್_ವೈ’ ಟ್ರೂ ಕೊಡಿ. ಮಸುಕಿಗೆ, ಟಾರ್ಗೆಟ್‌ನ ಟೆಕ್ಸ್ಚರ್‌ಗೂ ಪ್ರತಿ ಸ್ಪ್ರೈಟ್‌ಗೂ ‘ಸೆಟ್_ಫಿಲ್ಟರ್’ನಲ್ಲಿ ನಿಯರೆಸ್ಟ್.

ಇಷ್ಟಾದರೂ ಕೆಲವು ಪಿಕ್ಸೆಲ್ ದಪ್ಪ, ಕೆಲವು ತೆಳು ಕಂಡರೆ ನೀವು ಅಪೂರ್ಣಾಂಕದಿಂದ ಹಿಗ್ಗಿಸ್ತಿದ್ದೀರಿ. 1366×768ರ ಪರದೆಯಲ್ಲಿ ಬ್ರೌಸರ್‌ನ ಪಟ್ಟಿಗಳನ್ನು ಕಳೆದು ಎತ್ತರ 650 ಸಿಕ್ಕಿತು ಅನ್ನಿ, 650 ಭಾಗಿಸು 180 ಅಂದರೆ 3.6. ಕೆಳಗೆ ಇಳಿಸಿ 3 ಮಾಡಿ, 960×540ರಲ್ಲಿ ಬಿಡಿಸಿ, ಉಳಿದ ಜಾಗ ಕಪ್ಪು ಬಿಡಿ. ಅಗಲಕ್ಕೂ ಎತ್ತರಕ್ಕೂ ಲೆಕ್ಕ ಹಾಕಿ ಚಿಕ್ಕದನ್ನು ಹಿಡಿಯಿರಿ. ಸ್ಥಾನಗಳನ್ನು ಎಫ್32ರಲ್ಲೇ ಇಡಿ, ಬಿಡಿಸುವ ಗಳಿಗೆಯಲ್ಲಿ ಮಾತ್ರ ‘ಫ್ಲೋರ್’ ಮಾಡಿ, ಇಲ್ಲದಿದ್ದರೆ ನಿಧಾನ ಇಳಿಯುವ ಹಾಳೆ ನಡುಗ್ತದೆ.

---

ಬೆಳ್ಳಕ್ಕಿ

‘ಬೆಟ್ಟೆ’ಯ ವಿಷಯಕ್ಕೆ ಬರೋಣ, ಇದು ಫಾಂಟಿನ ತಪ್ಪಲ್ಲ.

‘ಬೆಟ್ಟೆ’ ಕಣ್ಣಿಗೆ ಎರಡು ಅಕ್ಷರ, ಯುನಿಕೋಡ್‌ನಲ್ಲಿ ಆರು ಸಂಕೇತ: ಬ, ಎತ್ವ, ಟ, ವಿರಾಮ (ಅರ್ಧಾಕ್ಷರದ ಗುರುತು), ಟ, ಎತ್ವ. ಇವನ್ನು ಜೋಡಿಸಿ ಒತ್ತಕ್ಷರ ಕೆಳಗೆ ಕೂರಿಸಿ, ಎತ್ವವನ್ನು ತಲೆಕಟ್ಟಿಗೆ ಬೆಸೆಯುವ ಕೆಲಸಕ್ಕೆ ಶೇಪಿಂಗ್ ಅಂತಾರೆ. ಫಾಂಟಿನೊಳಗೆ ಅದರ ನಿಯಮಗಳಿವೆ, ಆದರೆ ಓದಿ ಪಾಲಿಸುವವರು ಬೇಕು. ಮ್ಯಾಕ್ರೋಕ್ವಾಡ್‌ನ ‘ಡ್ರಾ_ಟೆಕ್ಸ್ಟ್’ ಹಿಂದೆ ಇರುವ ಫಾಂಟ್‌ಡ್ಯೂ ಒಂದು ಸಂಕೇತಕ್ಕೆ ಒಂದು ಚಿತ್ರ ಅಂತ ಸಾಲಾಗಿ ಇಟ್ಟುಕೊಂಡು ಹೋಗ್ತದೆ. ಇಂಗ್ಲಿಷಿಗೆ ಸಾಕು, ನಮಗೆ ಸಾಲದು. ಒತ್ತಿಲ್ಲದ ‘ರಾಶಿ’ಯೂ ನೆಟ್ಟಗೆ ಬರೋದಿಲ್ಲ, ಶ ಬೇರೆ ಗುಡಿಸು ಬೇರೆ ನಿಲ್ತದೆ.

ಆದರೆ ಅಂಕಿಗಳು ಬಚಾವ್. ೦ಯಿಂದ ೯ರವರೆಗೆ ಒಂದೊಂದೂ ಒಂದೇ ಸಂಕೇತ, ಜೋಡಣೆ ಬೇಡ. ಅಂಕವನ್ನು ಕನ್ನಡ ಅಂಕಿಯಲ್ಲಿ ತೋರಿಸಲು ನಿಮ್ಮ ಫಾಂಟ್ ಸಾಕು: ೦ಯ ಯುನಿಕೋಡ್ ಬೆಲೆ ದಶಮಾನದಲ್ಲಿ 3302, ಅದಕ್ಕೆ ಅಂಕಿ ಕೂಡಿಸಿ ‘ಚಾರ್::ಫ್ರಮ್_ಯು32’ಗೆ ಕೊಡಿ.

ಪದಗಳಿಗೆ ಸುಲಭ ದಾರಿ, ಇಂಕ್‌ಸ್ಕೇಪ್‌ನಲ್ಲಿ ಬರೆದು ಪಿಎನ್‌ಜಿ ಮಾಡಿ ಸ್ಪ್ರೈಟ್ ತರ ಅಂಟಿಸೋದು. ಬದಲಾಗದ ನಾಲ್ಕು ಹೆಸರಿಗೆ ಅದೇ ಸಾಕು. 320×180ರ ಒಳಗೆ ಮಾತ್ರ ಬರೆಯಬೇಡಿ. ಇಂಗ್ಲಿಷ್ ಅಕ್ಷರ 8 ಪಿಕ್ಸೆಲ್‌ನಲ್ಲಿ ಓದಬಹುದು, ಒತ್ತು ಕೆಳಗೆ ಇಳಿಯುವ ಕನ್ನಡಕ್ಕೆ ಅಷ್ಟರಲ್ಲಿ ಉಸಿರಾಡಲೂ ಜಾಗ ಇಲ್ಲ. ಹಿಗ್ಗಿಸಿದ ಮೇಲಿನ ಪರದೆಯಲ್ಲಿ ದೊಡ್ಡದಾಗಿ ಬಿಡಿಸಿ.

ಇನ್ನೂ ಚೆಂದದ ದಾರಿ ಇದೆ. ಕ್ಯಾನ್ವಾಸ್ ಮೇಲೆ ಒಂದು ಡಿವ್ (ವೆಬ್ ಪುಟದ ಬರಹದ ಚೌಕ) ಕೂರಿಸಿ ಬರವಣಿಗೆಯನ್ನು ಬ್ರೌಸರ್‌ಗೇ ಬಿಡೋದು, ಅದಕ್ಕೆ ಶೇಪಿಂಗ್ ಚೆನ್ನಾಗಿ ಗೊತ್ತು. ರಸ್ಟ್‌ನಿಂದ ಕನ್ನಡ ಸ್ಟ್ರಿಂಗನ್ನು ಬೇಲಿ ದಾಟಿಸಲು ಹೋಗಬೇಡಿ, ಪಾಯಿಂಟರು ಉದ್ದ ಅಂತ ತಾಪತ್ರಯ. ಬರೀ ಸಂಖ್ಯೆ ದಾಟಿಸಿ. ರಸ್ಟ್‌ನಲ್ಲಿ ‘ಎಕ್ಸ್‌ಟರ್ನ್ ಸಿ’ ಬ್ಲಾಕ್‌ನೊಳಗೆ ‘ಹಂತ ತೋರಿಸು’ ಅನ್ನೋ ಅರ್ಥದ ಫಂಕ್ಷನ್ ಘೋಷಿಸಿ, ಅದು ಐ32 ಒಂದನ್ನು ತಗೊಳ್ಳಲಿ. ಪುಟದಲ್ಲಿ ‘ಮಿನಿಕ್ವಾಡ್_ಆ್ಯಡ್_ಪ್ಲಗಿನ್’ ಮೂಲಕ, ‘ರಿಜಿಸ್ಟರ್_ಪ್ಲಗಿನ್’ ಒಳಗೆ ಇಂಪೋರ್ಟ್ ವಸ್ತುವಿನ ‘ಎನ್ವ್’ಗೆ ಅದೇ ಹೆಸರಿನ ಜಾವಾಸ್ಕ್ರಿಪ್ಟ್ ಫಂಕ್ಷನ್ ಸೇರಿಸಿ. ನಾಲ್ಕು ಕನ್ನಡ ಹೆಸರಿನ ಪಟ್ಟಿ ಅಲ್ಲೇ ಇರಲಿ, ಬಂದ ಸಂಖ್ಯೆಯ ಹೆಸರನ್ನು ಡಿವ್‌ಗೆ ಬರೆಯಲಿ.

ಪ್ಲಗಿನ್ ಸೇರಿಸುವ ಸಾಲು ‘ಲೋಡ್’ ಕರೆಗಿಂತ ಮೊದಲು ಬರಬೇಕು. ರಸ್ಟ್ 2024 ಎಡಿಷನ್ ಆದರೆ ‘ಎಕ್ಸ್‌ಟರ್ನ್’ ಮುಂದೆ ‘ಅನ್‌ಸೇಫ್’ ಹಾಕಲೇಬೇಕು. ಮತ್ತು ಈ ಬ್ಲಾಕನ್ನು ‘ಸಿಎಫ್‌ಜಿ’ಯಿಂದ ವಾಸ್ಮ್32ಕ್ಕೆ ಮಾತ್ರ ಸೀಮಿತ ಮಾಡಿ, ಇಲ್ಲದಿದ್ದರೆ ‘ಕಾರ್ಗೋ ರನ್’ ಲಿಂಕ್ ಆಗದೆ ಸತಾಯಿಸ್ತದೆ. ವಿಂಡೋಸ್ ಬಿಲ್ಡ್‌ಗೆ ಅದೇ ಹೆಸರಿನ ಖಾಲಿ ಫಂಕ್ಷನ್ ಬರೆದಿಡಿ.

ಇನ್ನೊಂದು, ಕೋಡಿಗೆ ಸಂಬಂಧ ಇಲ್ಲ. ಮರದಿಂದ ಬೀಳೋದು ಹಸಿ ಕೊನೆ, ಬೆಟ್ಟೆ ಸರಕು ಆಗೋದು ಸುಲಿದು ಬೇಯಿಸಿ ಒಣಗಿಸಿದ ಮೇಲೆ. ಹಂತದ ಹೆಸರಾಗಿ ಇಟ್ಟಿದ್ದಕ್ಕೆ ಸರಿ. ಕೊನೆಗೇ ಆ ಹೆಸರು ಕೊಟ್ಟಿದ್ದರೆ ಲ್ಯಾಬ್‌ನ ಮಕ್ಕಳೇ ನಗ್ತಿದ್ದರು.

---

ಕಾಡುಹಾದಿ

ಇಷ್ಟೆಲ್ಲ ಸುತ್ತು ಯಾಕೆ? ಮ್ಯಾಕ್ರೋಕ್ವಾಡ್ ಬಿಟ್ಟು ವಾಸ್ಮ್-ಬೈಂಡ್‌ಜೆನ್ ಜೊತೆ ವೆಬ್-ಸಿಸ್ (ಬ್ರೌಸರ್‌ನ ಸೌಲಭ್ಯಗಳನ್ನು ರಸ್ಟ್‌ಗೆ ಕೊಡುವ ಕ್ರೇಟ್) ಹಿಡಿದು ಕ್ಯಾನ್ವಾಸ್ 2ಡಿಯಲ್ಲಿ ಬಿಡಿಸಿದರೆ ‘ಫಿಲ್_ಟೆಕ್ಸ್ಟ್’ ಕನ್ನಡವನ್ನು ತಾನೇ ಸರಿಯಾಗಿ ಬರೀತದೆ. ಐದು ಮರ, ಒಂದು ಗೋಣಿಗೆ ವೆಬ್‌ಜಿಎಲ್ (ಮ್ಯಾಕ್ರೋಕ್ವಾಡ್ ಬ್ರೌಸರ್‌ನಲ್ಲಿ ಬಳಸುವ ಗ್ರಾಫಿಕ್ಸ್ ದಾರಿ) ಬೇಕೇ? ವಾಸ್ಮ್ ಕೂಡ ತೀರಾ ಚಿಕ್ಕದು.

---

ಜೀರುಂಡೆ

ನಿಮ್ಮ ಮಾತಿನಲ್ಲಿ ಹುರುಳಿದೆ, ಬೆಲೆಯೂ ಇದೆ. ‘ಕಾರ್ಗೋ ರನ್’ನಲ್ಲಿ ತಕ್ಷಣ ಆಡಿ ನೋಡೋ ಸುಖ ಹೋಗ್ತದೆ. ವೆಬ್-ಸಿಸ್‌ನಲ್ಲಿ ವಿಂಡೋ, ಡಾಕ್ಯುಮೆಂಟ್, ಕ್ಯಾನ್ವಾಸ್, ಕೀಲಿ ಈವೆಂಟ್ ಒಂದೊಂದನ್ನೂ ಫೀಚರ್ ಪಟ್ಟಿಯಲ್ಲಿ ಹೆಸರಿಸಬೇಕು, ಒಂದು ಬಿಟ್ಟರೂ ಆ ಟೈಪೇ ಇಲ್ಲ ಅಂತದೆ ಕಂಪೈಲರ್. ವಾಸ್ಮ್-ಬೈಂಡ್‌ಜೆನ್‌ನ ಕ್ರೇಟ್ ಆವೃತ್ತಿಗೂ ಆಜ್ಞಾ ಸಾಧನದ ಆವೃತ್ತಿಗೂ ಕೂದಲೆಳೆ ವ್ಯತ್ಯಾಸ ಇರಕೂಡದು.

ಮತ್ತೆ ಕೀಲಿ. ಅಲ್ಲಿ ಈವೆಂಟನ್ನು ನೀವೇ ಓದಬೇಕು. ‘ಕೀ’ ಓದಿ ಎ, ಡಿ ಅಕ್ಷರಕ್ಕೆ ಹೋಲಿಸಿದರೆ, ಕನ್ನಡ ಇನ್‌ಸ್ಕ್ರಿಪ್ಟ್ ಕೀಲಿ ವಿನ್ಯಾಸ ಚಾಲೂ ಇರುವ ಕಂಪ್ಯೂಟರ್‌ನಲ್ಲಿ ಎ ಒತ್ತಿದರೆ ಓತ್ವ, ಡಿ ಒತ್ತಿದರೆ ಅರ್ಧಾಕ್ಷರದ ವಿರಾಮ ಬರ್ತದೆ. ಗೋಣಿಯವ ಅಲ್ಲಾಡೋದಿಲ್ಲ. ‘ಕೋಡ್’ ಓದಬೇಕು, ಅದು ಕೀಲಿಯ ಜಾಗ ಹೇಳ್ತದೆ. ಮಿನಿಕ್ವಾಡ್ ‘ಕೋಡ್’ ಅನ್ನೇ ಓದ್ತದೆ.

ಹೊಸದಾಗಿ ಶುರು ಮಾಡುವವರಿಗೆ ನಿಮ್ಮ ದಾರಿ ಹೇಳ್ತಿದ್ದೆ. ಅರ್ಧ ಹಾದಿ ಬಂದವರನ್ನು ತಿರುಗಿಸೋದು ಬೇಡ.

---

ಹಿನ್ನೀರು

ಲ್ಯಾಬ್ ವಿಷಯ. ವಿಂಡೋಸ್ 7ಕ್ಕೆ ಬಂದ ಕಡೆಯ ಕ್ರೋಮ್ 109, ಕಡೆಯ ಪೈಥಾನ್ 3.8. ಎರಡೂ ನಿಮ್ಮ ಕೆಲಸಕ್ಕೆ ಸಾಕು. ಬಿಲ್ಡ್ ನಿಮ್ಮ ಲ್ಯಾಪ್‌ಟಾಪಿನಲ್ಲೇ ಆಗಲಿ. ಲ್ಯಾಬ್‌ನ ಒಂದು ಕಂಪ್ಯೂಟರ್‌ನಲ್ಲಿ ಫೋಲ್ಡರ್ ಇಟ್ಟು ಪೈಥಾನ್ ಸರ್ವರ್ ಓಡಿಸಿ, ಉಳಿದವರು ಬ್ರೌಸರ್‌ನಲ್ಲಿ ಅದರ ಐಪಿ ವಿಳಾಸ ಮತ್ತು ಪೋರ್ಟ್ 8000 ಹೊಡೆಯಲಿ. ಮೊದಲ ಸಲ ಫೈರ್‌ವಾಲ್ ಕೇಳ್ತದೆ, ಒಳಜಾಲಕ್ಕೆ ಅನುಮತಿ ಕೊಡಿ. ಹೊರಗಿನ ನೆಟ್ ಬೇಡವೇ ಬೇಡ, ಒಂದು ಷರತ್ತಿನ ಮೇಲೆ: ಉದಾಹರಣೆ ಪುಟಗಳಲ್ಲಿ ಬಂಡಲ್ ಫೈಲನ್ನು ಇಂಟರ್ನೆಟ್ ವಿಳಾಸದಿಂದ ಎಳೆಯುವ ಸಾಲು ಇರ್ತದೆ. ಮ್ಯಾಕ್ರೋಕ್ವಾಡ್‌ನ ಮೂಲ ಸಂಗ್ರಹದ ‘ಜೆಎಸ್’ ಫೋಲ್ಡರ್‌ನಿಂದ ಆ ಫೈಲ್ ಇಳಿಸಿ ಪಕ್ಕದಲ್ಲಿಟ್ಟು ಸಾಲು ತಿದ್ದಿ. ಕ್ರೇಟಿಗೂ ಅದಕ್ಕೂ ಆವೃತ್ತಿ ಹೊಂದದಿದ್ದರೆ ಕನ್ಸೋಲ್‌ನಲ್ಲಿ ಎಚ್ಚರಿಕೆ ಬರ್ತದೆ, ಕಡೆಗಣಿಸಬೇಡಿ.

ಹಳೇ ಗ್ರಾಫಿಕ್ಸ್ ಇರುವ ಯಂತ್ರದಲ್ಲಿ ಕ್ರೋಮ್ ವೆಬ್‌ಜಿಎಲ್ ಅನ್ನು ಪ್ರೊಸೆಸರ್ ಮೇಲೇ ಓಡಿಸಬಹುದು, ನಿಮ್ಮ 20 ಫ್ರೇಮ್‌ನ ಮೂಲ ಅದೇ ಇರಬಹುದು. ವಿಳಾಸ ಪಟ್ಟಿಯಲ್ಲಿ ಕ್ರೋಮ್://ಜಿಪಿಯು ಹೊಡೆದು ವೆಬ್‌ಜಿಎಲ್ ಸಾಲು ನೋಡಿ. ಸಾಫ್ಟ್‌ವೇರ್ ಅಂತಿದ್ದರೆ ಕ್ಯಾನ್ವಾಸನ್ನು ಪೂರ್ತಿ ಪರದೆಗೆ ಬಿಡದೆ 640×360ಕ್ಕೆ ಕಟ್ಟಿಹಾಕಿ, ಕೆಲಸ ಹಗುರಾಗ್ತದೆ.

ಗಾತ್ರಕ್ಕೆ ಕಾರ್ಗೋ.ಟಾಮ್ಲ್‌ನ ರಿಲೀಸ್ ಪ್ರೊಫೈಲ್‌ನಲ್ಲಿ ಆಪ್ಟ್-ಲೆವೆಲ್ ‘ಎಸ್’, ಎಲ್‌ಟಿಒ ಟ್ರೂ, ಕೋಡ್‌ಜೆನ್-ಯೂನಿಟ್ಸ್ 1, ಪ್ಯಾನಿಕ್ ‘ಅಬಾರ್ಟ್’, ಸ್ಟ್ರಿಪ್ ಟ್ರೂ. ಅದರ ಮೇಲೆ ಬೈನರಿಯೆನ್‌ನ ‘ವಾಸ್ಮ್-ಆಪ್ಟ್’ ಅನ್ನೋ ಕುಗ್ಗಿಸುವ ಸಾಧನ ಓಡಿಸಬಹುದು. ಹೊಸ ರಸ್ಟ್ ಜೊತೆ ಹಳೇ ವಾಸ್ಮ್-ಆಪ್ಟ್ ಬಲ್ಕ್ ಮೆಮೊರಿ ಗೊತ್ತಿಲ್ಲ ಅಂತ ಮುಷ್ಕರ ಹೂಡ್ತದೆ, ಆಗ ‘--ಎನೇಬಲ್-ಬಲ್ಕ್-ಮೆಮೊರಿ’ ಸೇರಿಸಿ ಅಥವಾ ಬೈನರಿಯೆನ್ ಹೊಸದು ಹಾಕಿ. ಒಳಜಾಲದಲ್ಲಿ ಇದೆಲ್ಲ ಬೇಕಿಲ್ಲ ನಿಜ ಹೇಳಬೇಕೆಂದರೆ, ಮೊಬೈಲ್‌ಗೆ ಕೊಡುವಾಗ ಬೇಕು.

ಸದ್ದಿಗೆ ಮ್ಯಾಕ್ರೋಕ್ವಾಡ್‌ನ ‘ಆಡಿಯೋ’ ಫೀಚರ್ ಹಾಕಿ, ವೇವ್ ಫೈಲ್ ಬಳಸಿ. 22050 ಹರ್ಟ್ಸ್, 16 ಬಿಟ್, ಮೋನೋ ಆದರೆ 0.2 ಸೆಕೆಂಡಿನ ‘ಧಪ್’ ಸದ್ದು 9 ಕೆಬಿ ಕೂಡ ಆಗೋದಿಲ್ಲ. ಆಡುವವರು ಒಮ್ಮೆ ಕೀಲಿ ಒತ್ತುವ ಅಥವಾ ಕ್ಲಿಕ್ ಮಾಡುವ ತನಕ ಬ್ರೌಸರ್ ಸದ್ದು ಬಿಡೋದಿಲ್ಲ, ಹಾಗಾಗಿ ‘ಸ್ಪೇಸ್ ಒತ್ತಿ’ ಅನ್ನೋ ಶುರುವಿನ ಪರದೆ ಇರಲೇಬೇಕು.

ಮಳೆಗಾಲದಲ್ಲಿ ಊರಿಗೆ ಹೋಗಿ ಕೋಡ್ ಬರೆಯೋದಿದ್ದರೆ ಶಿವಮೊಗ್ಗ ಬಿಡುವ ಮೊದಲೇ ‘ಕಾರ್ಗೋ ಫೆಚ್’ ಕೊಟ್ಟುಬಿಡಿ. ಆಮೇಲೆ ‘ಕಾರ್ಗೋ ಬಿಲ್ಡ್ --ಆಫ್‌ಲೈನ್’ ನೆಟ್ ಇಲ್ಲದೆ ನಡೀತದೆ. ‘ರಸ್ಟಪ್ ಡಾಕ್’ ಪುಸ್ತಕವನ್ನೂ ಸ್ಟ್ಯಾಂಡರ್ಡ್ ಲೈಬ್ರರಿಯ ವಿವರವನ್ನೂ ಡಿಸ್ಕಿನಿಂದಲೇ ತೆರೆದು ತೋರಿಸ್ತದೆ.

---

ತುಂಗೆದಂಡೆ

‘ಬೆಟ್ಟೆ’ ಡಿವ್‌ನಲ್ಲಿ ಮುದ್ದಾಗಿ ಬಂತು. ಒಂದೇ ಒಂದು ಉಳಿದಿದೆ: ಅತಿ ಹೆಚ್ಚು ಅಂಕ ನೆನಪಿಡೋದು ಹೇಗೆ?

---

ಬೆಳ್ಳಕ್ಕಿ

ಅದೇ ಪ್ಲಗಿನ್‌ನಲ್ಲಿ ಇನ್ನೆರಡು ಫಂಕ್ಷನ್. ಒಂದು ಐ32 ತಗೊಂಡು ಲೋಕಲ್‌ಸ್ಟೋರೇಜ್‌ಗೆ (ಬ್ರೌಸರ್‌ನ ಸ್ವಂತ ಸಂಗ್ರಹ) ಬರೆಯಲಿ, ಇನ್ನೊಂದು ಓದಿ ಐ32 ಕೊಡಲಿ. ಅಲ್ಲಿ ಎಲ್ಲವೂ ಸ್ಟ್ರಿಂಗ್ ಆಗಿ ಕೂರ್ತದೆ, ಓದುವಾಗ ‘ಪಾರ್ಸ್‌ಇಂಟ್’ ಮಾಡಿ. ಮೊದಲ ಸಲ ಏನೂ ಇಲ್ಲದೆ ನಲ್ ಬರ್ತದೆ, ಅದನ್ನು 0 ಮಾಡಿ ಕೊಡಿ.

ಈ ಅಂಕ ಆಯಾ ಕಂಪ್ಯೂಟರ್‌ನ ಆಯಾ ಬ್ರೌಸರ್‌ಗೆ ಮಾತ್ರ ಸೇರಿದ್ದು, ಪೂರ್ತಿ ಲ್ಯಾಬ್‌ಗೆ ಒಂದೇ ಪಟ್ಟಿ ಆಗೋದಿಲ್ಲ. ಅದೂ ಅಲ್ಲದೆ ಬ್ರೌಸರ್ ಇದನ್ನು ಸರ್ವರ್‌ನ ವಿಳಾಸಕ್ಕೆ ಗಂಟು ಹಾಕಿ ಇಡ್ತದೆ. ರೌಟರ್ ನಾಳೆ ಸರ್ವರ್ ಕಂಪ್ಯೂಟರ್‌ಗೆ ಬೇರೆ ಐಪಿ ಕೊಟ್ಟರೆ ಎಲ್ಲರ ಅಂಕವೂ ಸೊನ್ನೆಯಿಂದ ಶುರು. ರೌಟರ್‌ನಲ್ಲಿ ಆ ಕಂಪ್ಯೂಟರ್‌ಗೆ ಒಂದು ಐಪಿ ಕಾಯಂ ಮಾಡಿ. ಪೋರ್ಟನ್ನೂ ಬದಲಾಯಿಸಬೇಡಿ, 8000 ಇದ್ದದ್ದು 8080 ಆದರೂ ಬ್ರೌಸರ್‌ಗೆ ಅದು ಬೇರೆ ಮನೆ.